ಪ್ರಾರ್ಥನೆಯ ದ್ರಾಕ್ಷಿ

ಇಡೀ ಎಲ್ಕಿ ಕಣಿವೆಯಲ್ಲಿ ನಾವು ಸಾಕಿದ, ಪುಟ್ಟ ಮೊಲದಂಥ ಚಿಂಚಿಲ್ಲಾದಷ್ಟು ಭಕ್ತಿಯ ಪ್ರಾಣಿ ಇನ್ನೊಂದಿಲ್ಲವೆಂದು ಮೈದುನ ನೊಲ್ಬೆರ್ತೊ ಗೇಲಿ ಮಾಡುತ್ತಿದ್ದ. ಸಂಜೆ ಅತ್ತೆ ಎದುವಿಗೆಸ್ ಜಪಸರ ಹಿಡಿದು ‘ಪಿತನಿಗೂ ಸುತನಿಗೂ’ ಎಂಬಲ್ಲಿಗೆ ಬಂದರೆ ಸಾಕು, ಸೆನಿಸಾ ಎಂದು ನಾವು ಹೆಸರಿಟ್ಟ ಆ ಬೂದುಬಣ್ಣದ ಪ್ರಾಣಿ ಪಂಜರದ ಸರಳಿಗೆ ಬಂದು ಕೈಚಾಚುತ್ತಿತ್ತು. ಅತ್ತೆ ನಮ್ಮ ಚಪ್ಪರದ ಒಣದ್ರಾಕ್ಷಿಯೊಂದನ್ನು ಅದರ ಕೈಗಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಅದು ನೀರಿನ ಬಾಟಲಿಯನ್ನು ಮಧ್ಯಾಹ್ನದೊಳಗೇ ಬರಿದು ಮಾಡತೊಡಗಿತು. ಸೆಕೆಯೆಂದುಕೊಂಡೆವು. ಚೆನ್ನಾಗಿ ತಿನ್ನುತ್ತಿದ್ದರೂ ಎತ್ತಿಕೊಂಡರೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಕಣ್ಣಿಗೆ ಹಾಲಿನಂಥ ಪೊರೆ ಬಂದದ್ದನ್ನು ವಯಸ್ಸೆಂದೆವು.

ಒಂದು ಸಂಜೆ ಅದು ಸರಳಿಗೆ ಬರಲಿಲ್ಲ. ಮೂಲೆಯಲ್ಲಿ ಒರಗಿ ಏದುಸಿರು ಬಿಡುತ್ತಿತ್ತು. ಭೂಕಂಪದಲ್ಲೂ ಜಪ ನಿಲ್ಲಿಸದ ಅತ್ತೆ ಅರ್ಧಕ್ಕೇ ಎದ್ದರು.

ವಿಕುನ್ಯಾ ಪೇಟೆಯ ಪಶುವೈದ್ಯೆ ಮಗಾಲಿ ಬಾಗಿಲು ಹಾಕುವ ಹೊತ್ತಿಗೆ ಪಂಜರದೊಂದಿಗೆ ತಲುಪಿದೆವು. ಏನು ತಿನ್ನಿಸುತ್ತೀರೆಂದು ಕೇಳಿದರು. ಒಣಹುಲ್ಲು ಬಿಟ್ಟು ಬೇರೇನಿಲ್ಲವೆಂದರು ಅತ್ತೆ. ಅವರ ದನಿಯಲ್ಲಿ ಸುಳ್ಳಿನ ಅಳುಕಿರಲಿಲ್ಲ. ಹಾಗಾದರೆ ನಿತ್ರಾಣವಿರಬಹುದೆಂದು ವೈದ್ಯೆ ಗ್ಲೂಕೋಸಿಗೆ ಕೈಹಾಕಿದರು. ಪರರೆದುರು ಅತ್ತೆಯ ಮಾತು ಮುರಿಯುವುದು ನಮ್ಮ ಮನೆಯಲ್ಲಿಲ್ಲ. ನೊಲ್ಬೆರ್ತೊ ತನ್ನ ಟೋಪಿಯನ್ನೇ ನೋಡುತ್ತಿದ್ದ.

“ನೀರು ತುಂಬಾ ಕುಡೀತಿದೆ, ಡಾಕ್ಟ್ರೇ,” ಎಂದೆ.

ಅವರ ಕೈ ನಿಂತಿತು. ಪಂಜರದ ತಟ್ಟೆಯನ್ನು ಎಳೆದು ನೋಡಿದರು. ಒದ್ದೆಯಾದ ಕಡೆಯಲ್ಲೇ ಇರುವೆ ಮುತ್ತಿತ್ತು.

“ಬರೀ ಹುಲ್ಲು ತಿಂದ್ರೆ ಮೂತ್ರಕ್ಕೆ ಇರುವೆ ಹೀಗೆ ಮುತ್ತಲ್ಲ, ಅಮ್ಮಾ. ಸಿಹಿ ಏನಾದ್ರೂ ಕೊಡ್ತೀರಾ?”

ಅತ್ತೆ ಬಗ್ಗಿ ಇರುವೆಗಳನ್ನು ನೋಡಿದರು.

“ದ್ರಾಕ್ಷಿ. ಆದ್ರೆ ಅದು ತಿಂಡಿ ಅಲ್ಲ, ತಾಯಿ. ಪ್ರಾರ್ಥನೇದು.”

ಮಗಾಲಿ ನಗಲಿಲ್ಲ. ಕಿವಿಯಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷಿಸಿ, ಗ್ಲೂಕೋಸನ್ನು ಮತ್ತೆ ಕಪಾಟಿಗಿಟ್ಟರು. ಸಕ್ಕರೆ ಕಾಯಿಲೆ, ಅದನ್ನು ಕೊಟ್ಟಿದ್ದರೆ ಇಲ್ಲೇ ಹೋಗಿಬಿಡುತ್ತಿತ್ತು ಎಂದರು. ಎಳ್ಳಿನಷ್ಟು ಇನ್ಸುಲಿನ್ ಚುಚ್ಚಿ ನಮ್ಮನ್ನು ಹೊರಗೆ ಕೂರಿಸಿದರು.

ಬೆಂಚಿನ ಮೇಲೆ ಅತ್ತೆಯ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಎಂದೂ ಜಪಕ್ಕೆ ಕೂರದ ನೊಲ್ಬೆರ್ತೊ ಮೆಲ್ಲನೆ ದನಿಗೂಡಿಸಿದ.

ಕತ್ತಲಾದ ಮೇಲೆ ಒಳಗಿನಿಂದ ಕರೆ ಬಂತು. ಸೆನಿಸಾ ತಡವರಿಸುತ್ತ ನಿಂತು ಹುಲ್ಲಿನೆಳೆ ಕಡಿಯುತ್ತಿತ್ತು.

“ಉಳಿಯುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ,” ಎಂದರು ಮಗಾಲಿ. “ದಿನಾ ಸೂಜಿ ಚುಚ್ಬೇಕು. ಸಿಹಿ ಸೋಕಿಸ್ಬಾರ್ದು. ಯಾರು ಚುಚ್ತೀರಾ?”

ನಾನು ಮುಂದಾಗುವಷ್ಟರಲ್ಲಿ ಅತ್ತೆ ಕೈ ಚಾಚಿದರು.

“ನಾನು. ಹೆಂಗೆ ಹಿಡೀಬೇಕು, ತೋರ್ಸಮ್ಮ.”