ತೀರ್ಥ ಕುಡಿದ ಬಿಲ್ಲೆ

ನನ್ನ ಮೈಯೊಳಗಿನ ನೀರಿನ ಆಣೆ, ಇದೆಲ್ಲ ನಡೆದದ್ದೇ. ಒಂದು ಹನಿಯೂ ಬೆರಕೆಯಿಲ್ಲ.

ನಾನು ಒಂದು ಹೈಡ್ರೋಜೆಲ್ ಬಿಲ್ಲೆ, ಅಂದರೆ ನೀರು ಹೀರಿ ಉಬ್ಬುವ ಮೆತ್ತನೆಯ ಚೂರು. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಪಾರ್ವತಿ ಹಂಚಿನಾಳ ಎಂಬ ಹುಡುಗಿ ಏನೇನೋ ಪುಡಿ ಕಲಸಿ, ಕಾಯಿಸಿ, ಹೆಪ್ಪುಗಟ್ಟಿಸಿ ನನ್ನನ್ನು ಹುಟ್ಟಿಸಿದಳು. ಕೊಬ್ಬರಿ ವಡಿ ಕೊಯ್ಯುವಂತೆ ನನ್ನನ್ನೂ ನನ್ನ ತಮ್ಮನನ್ನೂ ಒಂದೇ ತಟ್ಟೆಯಿಂದ ಕೊಯ್ದಳು.

ಅಲ್ಲಿಂದ ಶುರುವಾಯಿತು ನನ್ನ ಗಲಿಬಿಲಿ. ನೀರಿನಲ್ಲಿ ಮುಳುಗಿಸಿ ಹೊಟ್ಟೆ ಬಿರಿಯುವಷ್ಟು ಕುಡಿಸುವಳು. ಮೈ ಒರೆಸಿ ತೂಗುವಳು. ಕುಡಿದದ್ದೇ ತಪ್ಪೆಂಬಂತೆ ಓವನ್ನಿನಲ್ಲಿಟ್ಟು ಒಣಗಿಸುವಳು, ಮತ್ತೆ ತೂಗುವಳು. ಉಬ್ಬಿದರೆ ಇಡ್ಲಿಯಷ್ಟು, ಒಣಗಿದರೆ ಹುಣಸೆಬೀಜದಷ್ಟು. ಇವೆರಡರಲ್ಲಿ ನಾನು ಯಾರು? ಬಿಟ್ಟಿದ್ದರೆ ಕೆಲಗೇರಿ ಕೆರೆಯನ್ನೇ ಕುಡಿದು ಮೀನುಗಳನ್ನು ನೆಲದ ಮೇಲೆ ನಡೆಸುತ್ತಿದ್ದೆ. ಅಂಥ ಬಾಯಾರಿಕೆ ನನ್ನದು.

ಕೊನೆಯ ಪರೀಕ್ಷೆ ಕಾವಿನದು. ಪೂರ್ತಿ ಒಣಗಿದ ಚೂರನ್ನು ಅಂಗಿಗುಂಡಿಗಿಂತ ಸಣ್ಣ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಯಂತ್ರ ಮೆಲ್ಲಗೆ ಕಾಯಿಸುತ್ತ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಒಳಗೆ ನೀರು ಉಳಿದಿದ್ದರೆ ಗೆರೆ ಹಳ್ಳಕ್ಕೆ ಬೀಳುತ್ತದೆ. ಗೆರೆ ನೆಟ್ಟಗೆ ಬಂದರೆ ಪಾರ್ವತಿ ಥೀಸಿಸ್ ಬರೆಯಬಹುದು. ಇಲ್ಲವಾದರೆ ಮೂರು ವರ್ಷದ ದುಡಿಮೆ ನೀರುಪಾಲು.

ಅದರ ಹಿಂದಿನ ದಿನ ಆಯುಧಪೂಜೆ. ಒಣಗಿಸಿದ ಮೇಲೆ ನನ್ನ ತಮ್ಮ ಮುಚ್ಚಿದ ಬಾಟಲಿಯಲ್ಲಿದ್ದ, ನಾನು ತೆರೆದ ತಟ್ಟೆಯಲ್ಲಿ. ತಕ್ಕಡಿಗೆ ಕುಂಕುಮ, ಯಂತ್ರಕ್ಕೆ ಚೆಂಡುಹೂವು, ಓವನ್ನಿಗೆ ನಿಂಬೆಹಣ್ಣು. ಪಾರ್ವತಿಯ ಗುರು ಜಾಲಿಹಾಳ ಸರ್ ಕುಂಕುಮದ ಬೆರಳುಗಳಲ್ಲೇ ತಂಬಿಗೆಗೆ ಮಾವಿನೆಲೆ ಅದ್ದಿ, ಮಂತ್ರ ಹೇಳುತ್ತ ಉದಾರವಾಗಿ ಚಿಮುಕಿಸಿದರು. ಎರಡು ಹನಿ ನನ್ನ ಮೇಲೆ ಬಿತ್ತು. ಬಂದದ್ದನ್ನು ಬೇಡವೆನ್ನುವುದು ನಮ್ಮ ಕುಲದಲ್ಲೇ ಇಲ್ಲ. ಕುಡಿದೆ.

ಮರುದಿನ ನನ್ನಿಂದ ಕೊಯ್ದ ಚೂರೊಂದನ್ನು ಯಂತ್ರದಲ್ಲಿ ಕಾಯಿಸಿದಳು. ಗೆರೆ ಧೊಪ್ಪನೆ ಬಿತ್ತು.

"ಏನವಾ ಇದು?" ಸರ್ ಕನ್ನಡಕ ತೆಗೆದರು. "ನಿನ್ನ ಜೆಲ್ ಒಣಗೂದ ಇಲ್ಲೇನು? ಪಾಕಾನ ತಪ್ಪೈತಿ. ಮೊದಲಿಂದ ಮಾಡು."

"ಸರ್, ಮೊನ್ನೆ ತೂಗೀನ್ರಿ. ಖಡಕ್ ಒಣಗಿತ್ರಿ."

"ಹಂಗಾರ ಗೆರಿ ಸುಳ್ಳು ಹೇಳತೈತೇನು?"

ಜೊತೆಗೆ ಸಂಶೋಧನೆ ಮಾಡುತ್ತಿದ್ದ ದಾವಲ ಪಕ್ಕದ ಮೇಜಿನಿಂದ ನಕ್ಕ. "ಪಾರೂ, ನಿನ್ನ ಜೆಲ್ ಕದ್ದು ಕುಡ್ಯಾಕ ಹತ್ತೈತಿ ನೋಡು."

ಪಾರ್ವತಿ ನನ್ನ ತಟ್ಟೆ ಎತ್ತಿಕೊಂಡಳು. ಉಳಿದಿದ್ದ ನನ್ನನ್ನು ನೀರಿಗೆ ಹಾಕಿ ದಿಟ್ಟಿಸುತ್ತ ಕುಳಿತಳು. ನಾನು ಉಬ್ಬುತ್ತ ಹೋದೆ. ಹೊಟ್ಟೆಯ ನಡುವೆ ಗುಲಾಬಿ ಬೊಟ್ಟೊಂದು ಅರಳಿತು. ನನಗೇ ದಿಗಿಲು: ಕೇಳದೆ ಬೊಟ್ಟಿಟ್ಟವರು ಯಾರು?

"ಸರ್, ಬರ್ರಿ ಇಲ್ಲಿ! ಕುಂಕುಮ! ನೀವು ಹೊಡದ ತೀರ್ಥ ರೀ ಇದು!"

ಸರ್ ಬಗ್ಗಿ ನೋಡಿದರು. ತಮ್ಮ ಬೆರಳು ನೋಡಿಕೊಂಡರು. "ನನ್ನ ಕೈಗುಣ ಅಂತೀ?"

"ನೀವು ಪ್ರಸಾದ ಕೊಟ್ರಿ, ಅದು ತಗೊಂತು. ಅದರದೇನ್ ತಪ್ಪ್ರಿ ಸರ್?" ಎಂದ ದಾವಲ.

ಬಾಟಲಿಯಿಂದ ತಮ್ಮನನ್ನು ತೆಗೆದು ಕಾಯಿಸಿದರು. ಗೆರೆ ಬಿಗಿದ ದಾರದಂತೆ ನೆಟ್ಟಗೆ ಬಂತು.

"ಬರಿಯವಾ ಥೀಸಿಸ್," ಎಂದರು ಸರ್, "ಮುಂದಿನ ವರ್ಷ ತಟ್ಟಿ ಮುಚ್ಚಿ ಪೂಜಿ ಮಾಡೋಣು."

ತಮ್ಮನ ಗೆರೆ ಥೀಸಿಸ್ಸಿನಲ್ಲಿ ಅಚ್ಚಾಯಿತು. ಬೊಟ್ಟಿಟ್ಟ ನನ್ನನ್ನು ಎಸೆಯಲು ಮನಸ್ಸಾಗದೆ ಪಾರ್ವತಿ ಹಾಸ್ಟೆಲ್ ಕಿಟಕಿಯ ಕನಕಾಂಬರದ ಕುಂಡದಲ್ಲಿ ಹೂತಳು. ಈಗ ವಯಸ್ಸಾಯಿತು, ಎಷ್ಟು ಕುಡಿದರೂ ನೆಲ್ಲಿಕಾಯಿಯಷ್ಟೇ ಉಬ್ಬುತ್ತೇನೆ. ಬೇರು ಬಂದು ಕೇಳಿದರೆ ಕೊಡುತ್ತೇನೆ. ನಾನು ನೀರೋ, ನೀರು ಹಿಡಿದವನೋ, ಇನ್ನೂ ಬಗೆಹರಿದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗಿತು. ನಂಬಿದ್ದರೆ ಹೋಗುವಾಗ ಕುಂಡಕ್ಕೆ ಒಂದು ಲೋಟ ನೀರು ಹಾಕಿ. ನಂಬದಿದ್ದರೆ ಎರಡು ಲೋಟ ಹಾಕಿ, ನೀವೇ ತೂಗಿ ನೋಡಿ.