ಸೂರ್ಯನ ಮುಂದೆ ಶುಕ್ರ ಹಾದ ಮಧ್ಯಾಹ್ನ

ಕಾಟಮ್ಮನಿಗೆ ಹೈದರಾಬಾದಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಸೀಟು ಸಿಕ್ಕಿದ್ದು 2004ರ ಮೇ ತಿಂಗಳಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಶುರುವಾಗುವ ಮೊದಲೇ. ತಳಕು ಊರಿನಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ ಅವಳಪ್ಪ ಗಾದ್ರಪ್ಪ ಸುದ್ದಿಯನ್ನು ರಸ್ತೆಯ ಅಂಗಡಿಗಳಿಗೆಲ್ಲ ಹೇಳಿಕೊಂಡು ಬಂದ. ಅದರ ಷರತ್ತು ಮಾತ್ರ ಅವನಿಗೆ ಗೊತ್ತಿರಲಿಲ್ಲ: ಕೊನೆಯ ವರ್ಷದಲ್ಲಿ ಶೇಕಡಾ ಅರವತ್ತು ಬರಲೇಬೇಕು.

ಅರವತ್ತು ಅವಳಿಗೆ ದೊಡ್ಡದಲ್ಲ. ಹಿಂದಿನ ಎರಡೂ ವರ್ಷ ಚಳ್ಳಕೆರೆಯ ಕಾಲೇಜಿಗೆ ಅವಳೇ ಮೊದಲು. ಆದರೆ ಸೀಟು ಸಿಕ್ಕ ಮೇಲೆ ಪುಸ್ತಕ ತೆರೆದರೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಗೆದ್ದಾಯಿತು ಎಂಬ ಸಡಿಲಿಕೆ ಮೊದಲು ಬಂತು, ಅದರ ಬೆನ್ನಿಗೇ ಭಯ. ಗಣಿತದ ಪರೀಕ್ಷೆಯಲ್ಲಿ ಗೊತ್ತಿದ್ದ ಲೆಕ್ಕಗಳನ್ನೇ ಬಿಟ್ಟು ಬಂದಳು. ರಸಾಯನಶಾಸ್ತ್ರ ಇನ್ನೂ ಕೆಟ್ಟಿತು. ಉಳಿದದ್ದು ಭೌತಶಾಸ್ತ್ರದ ಪೇಪರುಗಳು.

ಜೂನ್ ಎಂಟರಂದು ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆಂದು ಕಾಲೇಜಿನ ರಾಜಣ್ಣ ಮೇಷ್ಟ್ರು ಹೇಳಿದ್ದರು. ಈಗ ಬದುಕಿರುವವರು ಯಾರೂ ಅದನ್ನು ಕಂಡವರಲ್ಲ ಎಂದೂ ಹೇಳಿದ್ದರು. ಅಂಕಗಳ ಚಿಂತೆಯಲ್ಲಿ ಅವಳಿಗೆ ಮರೆತೇಹೋಗಿತ್ತು. ಅಪ್ಪ ಅದನ್ನು ರೇಡಿಯೋದಲ್ಲಿ ಕೇಳಿದ್ದ.

"ಕಾಟಮ್ಮಾ, ಬಾರವ್ವಾ ಇಲ್ಲಿ. ಶುಕ್ರ ಬಂದೈತಂತೆ," ಎಂದು ಆ ದಿನ ಮಧ್ಯಾಹ್ನ ಶೆಡ್ಡಿನಿಂದ ಕೂಗಿದ.

"ಓದೋದೈತಪ್ಪಾ."

"ಓದೋದೇ ಮ್ಯಾಲೆ ಬಂದು ನಿಂತೈತೆ, ಬಾ."

ವೆಲ್ಡಿಂಗಿನ ಕಪ್ಪು ಗಾಜುಗಳನ್ನು ಒಂದರ ಮೇಲೊಂದಿಟ್ಟು ತಂತಿ ಸುತ್ತಿದ್ದ. ಪಡುವಣ ಗಾಳಿಗೆ ಮೋಡಗಳು ಓಡುತ್ತಿದ್ದವು. ಅವು ಸರಿದಾಗ ಕಾಟಮ್ಮ ಗಾಜನ್ನು ಕಣ್ಣಿಗೆ ಹಿಡಿದಳು. ಸೂರ್ಯ ಹಸಿರು ಬಿಲ್ಲೆಯಂತೆ ಕಂಡ. ಅದರ ಮೇಲೆ ಎಳ್ಳಿನಷ್ಟು ಕಪ್ಪು. ಗಾಜಿನ ಕೊಳೆಯೆಂದು ಲಂಗದಿಂದ ಒರೆಸಿ ಮತ್ತೆ ನೋಡಿದಳು. ಕಪ್ಪು ಅಲ್ಲೇ ಇತ್ತು, ದುಂಡಗೆ.

ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡ ಲೋಕ ಅದು. ಯಾವ ಕಾಲದಲ್ಲೋ ಯಾರೋ ಕೂತು ಲೆಕ್ಕ ಹಾಕಿ ಈ ದಿನ ಬರುತ್ತದೆ ಎಂದಿದ್ದರು, ಬಂದಿತ್ತು. ಸೂರ್ಯ, ಅದರ ಮುಂದೆ ಶುಕ್ರ, ಈಚೆ ತಳಕಿನ ರಸ್ತೆ ಬದಿಯಲ್ಲಿ ತಾನು, ಮೂವರೂ ಒಂದೇ ಗೆರೆಯ ಮೇಲೆ. ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಲೇ ಇದ್ದವು.

ಅವ್ವ ಹುಚ್ಚಕ್ಕ ತಲೆಗೆ ಸೆರಗು ಹೊದ್ದು ಓಡಿಬಂದಳು. "ಗ್ರಹಣ ನೋಡಬಾರ್ದು ಕಣೇ."

"ಗ್ರಹಣ ಅಲ್ಲವ್ವ. ನೀನೂ ನೋಡು."

ಹುಚ್ಚಕ್ಕ ಅಳುಕುತ್ತಲೇ ಗಾಜು ಹಿಡಿದಳು. ಬಹಳ ಹೊತ್ತು ಇಳಿಸಲಿಲ್ಲ. "ಅಷ್ಟು ಬೆಂಕಿ ಮುಂದೆ ಒಂದೇ ಹೋಗ್ತೈತಲ್ಲೇ," ಎಂದಳು ಮೆಲ್ಲಗೆ.

"ಇದನ್ನೇ ಏನು ನೀನು ಅಲ್ಲಿ ಓದೋದು?" ಗಾದ್ರಪ್ಪ ಕೇಳಿದ.

ಕಾಟಮ್ಮನಿಗೆ ಇನ್ನು ಬಚ್ಚಿಡಲಾಗಲಿಲ್ಲ. "ಓದ್ತೀನೋ ಇಲ್ಲೋ ಗೊತ್ತಿಲ್ಲಪ್ಪ. ಅರವತ್ತು ಬರ್ದಿದ್ರೆ ಸೀಟು ಹೋಗ್ತೈತೆ. ಗಣಿತ, ಕೆಮಿಸ್ಟ್ರಿ ಎರಡೂ ಕೆಟ್ಟವೆ."

ಅವನು ಹೆಂಡತಿಯ ಕೈಯಿಂದ ಗಾಜು ಇಸಿದುಕೊಂಡು ಮತ್ತೊಮ್ಮೆ ಮೇಲೆ ನೋಡಿದ. "ಸೀಟು ಹೋದ್ರೆ ಊರೋರಿಗೆ ನಾನು ಹೇಳ್ಕೋತೀನಿ, ಅದರ ಚಿಂತೆ ನಿಂಗೆ ಬ್ಯಾಡ. ಇದು ಬೇಕಾ ಬ್ಯಾಡ್ವಾ, ಅದನ್ನ ಹೇಳು."

"ಬೇಕಪ್ಪ."

"ಮತ್ತೆ ಓದು."

ಸಂಜೆ ಆ ಚುಕ್ಕೆ ಸೂರ್ಯನ ಅಂಚು ದಾಟುವವರೆಗೂ ಅವಳು ಅಲ್ಲೇ ಇದ್ದಳು. ಆಮೇಲೆ ಪುಸ್ತಕ ಹಿಡಿದಾಗ ಎಷ್ಟು ಅಂಕ ಬಂದೀತೆಂಬ ಲೆಕ್ಕ ತಲೆಗೆ ಬರಲೇ ಇಲ್ಲ. ಗ್ರಹಗಳ ಕಕ್ಷೆಯ ಪಾಠವನ್ನು ಹೊಸದಾಗಿ ಕೇಳುವವಳಂತೆ ಓದಿದಳು.

ಫಲಿತಾಂಶ ಬಂದಾಗ ರಸಾಯನಶಾಸ್ತ್ರ ಪಾಸಾಗಿತ್ತು, ಅಷ್ಟೆ. ಭೌತಶಾಸ್ತ್ರ ಎತ್ತಿ ಹಿಡಿದು, ಒಟ್ಟು ಅರವತ್ತರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿತ್ತು.

"ಈ ಕೆಮಿಸ್ಟ್ರಿ ನಂಬರು ನಿಂದೇ ಏನಮ್ಮ?" ರಾಜಣ್ಣ ಮೇಷ್ಟ್ರು ಕೇಳಿದರು.

"ನಂದೇ ಸಾರ್," ಎಂದಳು.

ಹೊರಡುವ ದಿನ ಹುಚ್ಚಕ್ಕ ಬಸ್ಸಿನ ಕಿಟಕಿಗೆ ಬಂದಳು. ಅವಳ ತವರು ಮೊಳಕಾಲ್ಮೂರು ಕಡೆ, ತೆಲುಗು ಮನೆಮಾತು. "ಪೋಯಿ ರಾ ತಲ್ಲಿ," ಹೋಗಿ ಬಾ ಎಂದಳು. ಕಾಟಮ್ಮ ಅದೇ ಭಾಷೆಯಲ್ಲಿ, "ವಸ್ತಾನಮ್ಮ," ಬರ್ತೀನಿ ಎಂದಳು.