ಬೆರಳು ಮೇಷ್ಟ್ರ ನಿಯಮ

ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಬೆರಳು ಮೇಷ್ಟ್ರು ಎನ್ನುತ್ತಿದ್ದರು. ಸಂಕೇತಗಳು ಮತ್ತು ಭಾಷಾಕಲಿಕೆ ಅವರ ವಿಷಯ. ಮಗು ಬೆರಳು ತೋರಿಸುವುದನ್ನು ಬಿಟ್ಟು ಮಾತಿಗೆ ಬರುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅವರು ಪ್ರಾಧ್ಯಾಪಕರಾದರು, ವಿಭಾಗದ ಮುಖ್ಯಸ್ಥರಾದರು, ದೇಶ ವಿದೇಶ ಸುತ್ತಿದರು. ಪ್ರಯೋಗಕ್ಕೆಂದು ದೂರ ಹೋಗಲಿಲ್ಲ, ಮನೆಯಲ್ಲೇ ಮಗಳಿದ್ದಳು. ಅವಳು ನೀರಿನ ಕಡೆ ಬೆರಳು ತೋರಿಸಿದರೆ ಯಾರೂ ಕೊಡಕೂಡದು, ಬಾಯಿಬಿಟ್ಟು ಕೇಳಿದರಷ್ಟೇ ಕೊಡಬೇಕು. ಇದು ನಿಯಮ. ಕೆಲವೇ ವಾರಗಳಲ್ಲಿ ಕೂಸು ಬೆರಳೆತ್ತುವುದನ್ನು ಬಿಟ್ಟಿತು, ಆಮೇಲೆ ಮಾತೂ ಬಂತು. ಅದರ ಮೇಲೆ ಬರೆದ ಪುಸ್ತಕ ಮೇಷ್ಟ್ರಿಗೆ ಹೆಸರು ತಂದಿತು. ಹೆತ್ತ ಕರುಳು ಕಲ್ಲಾಗಿತ್ತೇ ಎಂದು ಕೇಳಬೇಡಿ. ವಿದ್ವಾಂಸರ ಕರುಳು ಓದಿ ಓದಿ ಸ್ವಲ್ಪ ಗಟ್ಟಿಯಾಗಿರುತ್ತದೆ.

ನಿವೃತ್ತರಾದ ಮೇಲೆ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. "ಮಾತಾಡಿಸ್ತಾ ಇರಿ, ಬಂದ್ರೂ ಬರಬಹುದು," ಎಂದರು ಡಾಕ್ಟರು. ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಅವರಿಗೆ ಆ ದನಿ ಬೇಕಾಗಿತ್ತು, ಅದರಲ್ಲಿ ಸುಳ್ಳಿಲ್ಲ. "ರೀ, ಕನ್ನಡಕ ತಲೆ ಮೇಲೇ ಇದೆ," ಎನ್ನುವವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬರುವ ತನಕ ಜೊತೆಗಿದ್ದ ಮಗಳು ತನ್ನೂರಿಗೆ ಮರಳಿದಳು. ಮೇಷ್ಟ್ರು ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದರು. ಹೆಂಡತಿ ಎಡಗೈಯಿಂದ ಲೋಟ ತೋರಿಸಿದರೆ ಅದನ್ನು ಆಚೆ ಸರಿಸಿ, "ನೀರಿನ ನೀ ಅಂತಾದ್ರೂ ಹೇಳು, ಕೊಡ್ತೀನಿ," ಎನ್ನುವರು. ಅವಳು ಮುಖ ಕೆಂಪಗಾಗುವಂತೆ ತಿಣುಕುವಳು. ಜೊಲ್ಲು ಸುರಿಯುವುದು, ಮಾತು ಬರದು. ಅವಳ ಕಣ್ಣು ತುಂಬಿದ ಮೇಲೆ ಒಂದು ಗುಟುಕು ಕೊಡುವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಬರಬರುತ್ತ ಅವಳ ಕೈ ಮೇಲೇಳುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಮೇಷ್ಟ್ರು ಹಿಗ್ಗಿದರು. "ನೀನು ಕೂಸಾಗಿದ್ದಾಗ ಆದ ಹಾಗೇ ಆಗ್ತಿದೆ. ತೋರಿಸಿದ್ರೆ ಏನೂ ಕೊಡ್ತಿಲ್ಲ. ಇನ್ನೇನು, ಮಾತು ಬರೋದೊಂದೇ ಬಾಕಿ," ಎಂದು ಮಗಳಿಗೆ ಫೋನು ಮಾಡಿದರು. ಮರುದಿನ ಮಗಳೇ ಬಂದಳು.

ಮಾತ್ರೆ ತರಲು ಹೋಗಿದ್ದ ಮೇಷ್ಟ್ರು ಹಿಂತಿರುಗಿ ಕೋಣೆಯ ಬಾಗಿಲಲ್ಲಿ ನಿಂತರು. ಹೆಂಡತಿಯ ಎಡಗೈ ಮೇಲೆದ್ದಿತ್ತು. ಕಿಟಕಿ ತೋರಿಸಿದಳು, ಮಗಳು ಪರದೆ ಎಳೆದಳು. ದಿಂಬು ತೋರಿಸಿದಳು, ಮಗಳು ಸರಿಮಾಡಿದಳು. ಅಷ್ಟರಲ್ಲಿ ಅವಳಿಗೆ ಗಂಡ ಕಂಡರು. ಕಂಡದ್ದೇ ತಡ, ಕೈ ಸರಕ್ಕನೆ ಹೊದಿಕೆಯೊಳಗೆ ಹೋಯಿತು.

"ಕೈ ಎತ್ತೋದು ಬಿಟ್ಟಿದ್ಲಲ್ಲ?" ಎಂದರು ಮೇಷ್ಟ್ರು.

"ನಿಮ್ಮೆದುರಿಗೆ ಬಿಟ್ಟಿದ್ದಾಳೆ ಅಪ್ಪ," ಎಂದಳು ಮಗಳು. "ನಾನೂ ಹಾಗೇ ಬಿಟ್ಟಿದ್ದು. ಅಡುಗೆಮನೆ ಬಾಗಿಲು ಹಾಕ್ಕೊಂಡು, ನಾನು ತೋರಿಸಿದ್ದೆಲ್ಲ ಅಮ್ಮ ಕೊಡ್ತಿದ್ಲಂತೆ. ನೀವು ಬಂದ್ರೆ ನಾನು ಕೈ ಬೆನ್ನ ಹಿಂದೆ ಇಟ್ಕೋತಿದ್ನಂತೆ. ಎಷ್ಟೋ ವರ್ಷ ಆದ್ಮೇಲೆ ಅವಳೇ ಹೇಳಿದ್ಲು."

"ನನಗ್ಯಾಕೆ ಹೇಳ್ಲಿಲ್ಲ?"

"ಅಷ್ಟು ಹೊತ್ತಿಗೆ ಪುಸ್ತಕ ಬಂದುಬಿಟ್ಟಿತ್ತು. ನೀವು ಖುಷಿಯಾಗಿದ್ರಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪುಸ್ತಕ ಪುಡಿಯಾದದ್ದು ಮೇಷ್ಟ್ರಿಗೆ ಆ ಗಳಿಗೆಯಲ್ಲಿ ನೋಯಲಿಲ್ಲ. ಆಗ ಕೂಸಿಗಾದರೂ ಅಡುಗೆಮನೆಯಲ್ಲಿ ಒಬ್ಬಳಿದ್ದಳು. ಇಷ್ಟು ದಿನ ಇವಳಿಗೆ ಈ ಮನೆಯಲ್ಲಿ ಯಾರೂ ಇರಲಿಲ್ಲ. ಅದು ಹೊಳೆದು ಅವರ ಕರುಳು ಹಿಂಡಿತು.

ಲೋಟ ತೆಗೆದುಕೊಂಡು ಮಂಚದ ಅಂಚಿನಲ್ಲಿ ಕುಳಿತರು. "ಏನೂ ಹೇಳ್ಬೇಡ ಕಣೇ. ಸುಮ್ನೆ ಕುಡಿ," ಎಂದು ಅವಳ ತುಟಿಗೆ ಹಿಡಿದರು.

ಹೆಂಡತಿ ಅವರ ಮುಖವನ್ನೇ ನೋಡಿದಳು. ಸೊಟ್ಟಗಾಗಿದ್ದ ಬಾಯಿ ತೆರೆಯಿತು, ದವಡೆ ಅದುರಿತು.

"ಬೇಡ," ಎಂದಳು.

ಎರಡೂ ಅಕ್ಷರ ಸ್ಪಷ್ಟವಾಗಿದ್ದವು. ಕಾಯಿಲೆ ಬಿದ್ದ ಮೇಲೆ ಅವಳಾಡಿದ ಮೊದಲ ಮಾತು ಅದು. ಆಮೇಲೆ ಎಡಗೈ ನಿಧಾನವಾಗಿ ಹೊದಿಕೆಯಿಂದ ಹೊರಬಂದು ಮಗಳ ಕಡೆ ಬೆರಳು ತೋರಿಸಿತು. ಮೇಷ್ಟ್ರು ಲೋಟವನ್ನು ಮಗಳ ಕೈಗೆ ಕೊಟ್ಟರು.